ಕೊಟ್ಟರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?

ಅಕ್ಕಾರ, ನಾನು ಸಮೀರವಾಡಿಯಾಕಿ. 'ನೀವು' ಬ್ಯಾಡ್ರಿ, 'ನೀನು' ಅಂತನ ಬರೀರಿ. ನಮ್ಮದು ನಾಲ್ಕು ಎಕರೆ ಕಬ್ಬು. ಅದರಾಗ ಕಾಲುವಿ ಕಡೆದು ಒಂದೂವರೆ ಎಕರೆ ಸವಳು ಹಿಡದು ಕುಂತೈತಿ. ಅದನ್ನ ನೋಡಕೋತನ ಬೆಳದೆ, ಪಿಎಚ್‌ಡಿಗೂ ಅದನ್ನ ಹಿಡದೆ. ಸವಳಿನ್ಯಾಗ ಕಬ್ಬಿನ ಯಾವ ಜೀನ್ ಜಾಸ್ತಿ ಕೆಲಸ ಮಾಡ್ತಾವು, ಯಾವು ಸುಮ್ಮನಾಗ್ತಾವು ಅಂತ ನೋಡೋದು ನನ್ನ ಕೆಲಸ. ಓದೋದು ದೂರದ ವಿಶ್ವವಿದ್ಯಾಲಯದಾಗ. ಅವ್ವನ ಆರೋಗ್ಯದ ಸಲುವಾಗಿ ಈಗ ಊರಾಗ ಇದ್ದೀನಿ, ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಲ್ಯಾಪ್‌ಟಾಪ್ ಹಿಡಕೊಂಡು ಕೂಡ್ತೀನಿ.

ನಾನೊಂದು ವರ್ಕ್‌ಫ್ಲೋ ಕಟ್ಟೀನ್ರಿ, ಪೈಥಾನ್‌ನ್ಯಾಗ. ಜೀನ್ ಪಟ್ಟಿ ಒಳಗ ಹಾಕಿದ್ರ ಅದು ತಾನ ಎನ್‌ಸಿಬಿಐಗೆ ಹೋಗಿ ಬ್ಲಾಸ್ಟ್ ಮಾಡಿಸಿ, ಇಬಿಐಗೆ ಹೋಗಿ ಇಂಟರ್‌ಪ್ರೋ ನೋಡಿ, ಕೆಗ್‌ನ್ಯಾಗ ಪಾಥ್‌ವೇ ಹುಡುಕಿ, ಕಡೀಕ ಒಂದು ಟೇಬಲ್ ಮಾಡಿ ಕೊಡ್ತೈತಿ. ಕೈಲೆ ಮಾಡಿದ್ರ ತಿಂಗಳುಗಟ್ಟಲೆ ಹಿಡಿಯೋ ಕೆಲಸ. ಅದನ್ನ ಈಗ ಲ್ಯಾಬಿನ ಸೀನಿಯರ್ ಅಣ್ಣಾರು ಕೇಳಾಕತ್ತಾರ. ಗೈಡ್ ಸರ್ ಅಂತೂ 'ಎಲ್ಲಾರಿಗೂ ಕೊಡು, ಪಬ್ಲಿಕ್ ಮಾಡಿಬಿಡು' ಅಂತಾರ. ಹಿಂದ ಒಬ್ಬಾಕಿ ಬರದ ಪ್ರೋಗ್ರಾಂ ಬಳಸಿ ನಮ್ಮ ಲ್ಯಾಬಿನಿಂದ ಪೇಪರ್ ಬಂತು, ಅದರಾಗ ಆಕಿ ಹೆಸರ ಇರಲಿಲ್ಲ. ನನಗ ಅದ ನೆಪ್ಪಾಗ್ತೈತಿ.

ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಇತ್ತೀಚಿಗೆ ಅದು ಸರಿಯಾಗಿ ಓಡವಲ್ದು. ಒಮ್ಮೊಮ್ಮೆ ಅರ್ಧಕ್ಕ ನಿಲ್ತೈತಿ, ಒಮ್ಮೊಮ್ಮೆ ಪೂರ್ತಿ ಓಡಿದ್ರೂ ಮೊದಲಿನ ಉತ್ತರ ಬರವಲ್ದು. ಕೋಡ್ ಅಂತೂ ನೋಡಿದವರು ನಗಬೇಕು, ಹಂಗೈತಿ. ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸದಾಗಿರೋ ಕಾಕಾನ ಮಗ 'ಪುಕ್ಕಟೆ ಯಾಕ ಕೊಡ್ತಿ, ಮಾರು' ಅಂತಾನ. ಕೊಡಲೋ ಬ್ಯಾಡೋ? ಕೊಟ್ಟರ ನನ್ನ ಕೈಯಾಗ ಏನ ಉಳಿತೈತಿ?

— ಓದುಗಾರ್ತಿ, ಸಮೀರವಾಡಿ

ತಂಗಿ,

ಕೊಡು. ಆದರೆ ನಾಳೆಯೇ ಬೇಡ, ಈಗಿರುವ ಹಾಗೆಯೂ ಬೇಡ. ಯಾರಿಗೂ ಹೇಳಿಲ್ಲ ಎಂದು ಪತ್ರದ ಕೊನೆಗೆ ಬರೆದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಿನ್ನ ಮಿಕ್ಕ ಹೆದರಿಕೆಗಳಿಗೆಲ್ಲ ಅದರಿಂದಲೇ ಬಲ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಓಡದ ಯಂತ್ರವನ್ನು ಹತ್ತು ಜನರ ಮುಂದೆ ಇಡಲು ಯಾರಿಗೆ ಮನಸ್ಸಾದೀತು?

ಈ ವಿಷಯ ಗೊತ್ತಿಲ್ಲದ ಓದುಗರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಜೀನ್, ಪ್ರೋಟೀನ್‌ಗಳ ಮಾಹಿತಿಯ ದೊಡ್ಡ ಭಂಡಾರಗಳು ಅಮೆರಿಕದ ಎನ್‌ಸಿಬಿಐ, ಇಂಗ್ಲೆಂಡಿನ ಇಬಿಐ, ಜಪಾನಿನ ಕೆಗ್ ಇಂಥ ಕಡೆ ಇವೆ. ಬ್ರೌಸರ್ ತೆರೆದು ಒಂದೊಂದೇ ಜೀನ್ ಹುಡುಕಬಹುದು. ಅದೇ ಪ್ರಶ್ನೆಯನ್ನು ಮನುಷ್ಯರ ಬದಲು ಪ್ರೋಗ್ರಾಮೇ ನೇರವಾಗಿ ಕೇಳಿ ಉತ್ತರ ತರಿಸಿಕೊಳ್ಳುವ ಏರ್ಪಾಡು ವೆಬ್ ಸರ್ವಿಸ್. ಇಂಥ ಹಲವನ್ನು ಸಾಲಾಗಿ ಜೋಡಿಸಿ, ಒಂದರ ಉತ್ತರವನ್ನೇ ಮುಂದಿನದಕ್ಕೆ ಪ್ರಶ್ನೆಯಾಗಿ ಒಯ್ಯುವಂತೆ ಮಾಡಿದರೆ ಅದು ವರ್ಕ್‌ಫ್ಲೋ. ಈ ತಂಗಿ ಕಟ್ಟಿರುವುದು ಅದನ್ನೇ.

ಇದರ ತೊಂದರೆ ಹುಟ್ಟಿನಲ್ಲೇ ಇದೆ. ಮೂರು ದೇಶಗಳ ಸರ್ವರ್‌ಗಳಲ್ಲಿ ಒಂದೂ ನಿನ್ನ ಮಾತು ಕೇಳುವುದಿಲ್ಲ. ಅವರು ವಿಳಾಸ ಬದಲಿಸಬಹುದು, ಉತ್ತರದ ರೂಪ ಬದಲಿಸಬಹುದು, ಸೇವೆಯನ್ನೇ ಮುಚ್ಚಬಹುದು. ಕೆಗ್ ತನ್ನ ಸೋಪ್ (SOAP) ಎಂಬ ಹಳೆಯ ಬಗೆಯ ವೆಬ್ ಸರ್ವಿಸನ್ನು 2012ರ ಕೊನೆಗೆ ನಿಲ್ಲಿಸಿತು, ಎನ್‌ಸಿಬಿಐ ತನ್ನದನ್ನು 2015ರಲ್ಲಿ ನಿಲ್ಲಿಸಿತು. ಆಯಾ ಸೇವೆಯನ್ನು ನಂಬಿ ಕಟ್ಟಿದ್ದ ವರ್ಕ್‌ಫ್ಲೋಗಳೆಲ್ಲ ಆಗ ಒಟ್ಟಿಗೇ ಬಿದ್ದವು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕ್ಯಾರೊಲ್ ಗೋಬಲ್ ಅವರ ತಂಡ ಟಾವೆರ್ನಾ ಎಂಬ ತಂತ್ರಾಂಶ ಮಾಡಿತ್ತು. ಕೋಡ್ ಬರೆಯದೆ, ಪೆಟ್ಟಿಗೆಗಳ ನಡುವೆ ಗೆರೆ ಎಳೆದು ವೆಬ್ ಸರ್ವಿಸ್‌ಗಳನ್ನು ಜೋಡಿಸುವಂಥದ್ದು ಅದು. ಅದರಲ್ಲಿ ಮಾಡಿದ ವರ್ಕ್‌ಫ್ಲೋಗಳನ್ನು ಹಂಚಿಕೊಳ್ಳಲು 2007ರಲ್ಲಿ 'ಮೈಎಕ್ಸ್‌ಪೆರಿಮೆಂಟ್' ಎಂಬ ತಾಣವೂ ಬಂತು. ಐದು ವರ್ಷ ಕಳೆದ ಮೇಲೆ, 2012ರಲ್ಲಿ, ಅಲ್ಲಿದ್ದ 92 ವರ್ಕ್‌ಫ್ಲೋಗಳನ್ನು ಆರಿಸಿ ಮತ್ತೆ ಓಡಿಸಿ ನೋಡಿದರು. ಸುಮಾರು ಶೇಕಡಾ 80ರಷ್ಟು ಓಡಲೇ ಇಲ್ಲ, ಇಲ್ಲವೇ ಹಳೆಯ ಉತ್ತರ ಕೊಡಲಿಲ್ಲ. ದೊಡ್ಡ ಕಾರಣ, ಹೊರಗಿನ ಸೇವೆ ಕಾಣೆಯಾದದ್ದು ಅಥವಾ ಬದಲಾದದ್ದು. ಕಟ್ಟಿದವರು ನುರಿತವರೇ. ಕೊನೆಗೆ ಟಾವೆರ್ನಾವನ್ನೇ 2020ರಲ್ಲಿ, ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಅಪಾಚೆ ಸಂಸ್ಥೆ ತನ್ನ ಪಟ್ಟಿಯಿಂದ ನಿವೃತ್ತಗೊಳಿಸಿತು. ನಿನ್ನದು ಕೆಟ್ಟದ್ದು ಈ ಕಸುಬಿನ ಮಾಮೂಲಿ ಸಂಗತಿ. ನಾಚಿಕೆಯನ್ನು ಇಲ್ಲಿಗೇ ಬಿಡು.

ಇನ್ನು ದುರಸ್ತಿ. ಎರಡು ಲಕ್ಷಣ ಹೇಳಿದ್ದೀಯ, ಅವೆರಡೂ ಬೇರೆ ಬೇರೆ ರೋಗ.

ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅವಸರದ ಫಲ. ಎನ್‌ಸಿಬಿಐ ತನ್ನ ಇ-ಯುಟಿಲಿಟೀಸ್ ಸೇವೆಗೆ ಸೆಕೆಂಡಿಗೆ ಮೂರು ಪ್ರಶ್ನೆಗಳ ಮಿತಿ ಹಾಕಿದೆ. ಎಪಿಐ ಕೀ ಪಡೆದುಕೊಂಡರೆ ಹತ್ತು. ಸರಣಿಗಳ ಹೋಲಿಕೆ ಹುಡುಕುವ ಬ್ಲಾಸ್ಟ್ ಸರ್ವರ್ ಇನ್ನೂ ಬಿಗಿ: ಹತ್ತು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಸಂಪರ್ಕಿಸಬಾರದು, ಒಂದೇ ಕೆಲಸ ಮುಗಿಯಿತೇ ಎಂದು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಕೇಳಬಾರದು. ಮೀರಿದರೆ ನಿನ್ನ ವಿಳಾಸವನ್ನೇ ತಡೆಯುತ್ತಾರೆ, ಆ ವಿಳಾಸ ಕ್ಯಾಂಪಸ್ಸಿನದಾಗಿದ್ದರೆ ಅಲ್ಲಿರುವವರಿಗೆಲ್ಲ ಕುತ್ತು. ಇನ್ನೊಂದು ನಿಯಮ ನಿನಗೆ ಹೇಳಿ ಮಾಡಿಸಿದ್ದು. ಐವತ್ತಕ್ಕಿಂತ ಹೆಚ್ಚು ಹುಡುಕಾಟ ಇದ್ದರೆ ವಾರಾಂತ್ಯದಲ್ಲಿ ಮಾಡಿ, ವಾರದ ದಿನಗಳಲ್ಲಾದರೆ ಅಮೆರಿಕದ ಪೂರ್ವ ತೀರದ ರಾತ್ರಿ ಒಂಬತ್ತರಿಂದ ಬೆಳಗಿನ ಐದರೊಳಗೆ ಮಾಡಿ ಎನ್ನುತ್ತಾರೆ. ಅಲ್ಲಿ ಬೇಸಿಗೆಗೆ ಗಡಿಯಾರ ಬದಲಾದರೂ, ನಮ್ಮ ಗಡಿಯಾರದ ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಎರಡೂವರೆಯ ಹೊತ್ತು ವರ್ಷವಿಡೀ ಅದರೊಳಗೆ ಬರುತ್ತದೆ. ನೀನು ಮನೆಯವರೆಲ್ಲ ಮಲಗಿದ ಮೇಲೆ ಓಡಿಸುತ್ತೀಯ. ಆಗ ಅಲ್ಲಿ ನಡುಹಗಲು, ಸರ್ವರ್ ಮುಂದೆ ಜಾತ್ರೆ! ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಓಡಿಸಿಟ್ಟು ನಿನ್ನ ಕೆಲಸಕ್ಕೆ ಹೋಗು.

ಉತ್ತರವೇ ಬದಲಾಗುವುದು ಇದಕ್ಕಿಂತ ಗಂಭೀರ. ನೀನು ಹುಡುಕುತ್ತಿರುವ ಭಂಡಾರಕ್ಕೆ ಹೊಸ ಸರಣಿಗಳು ಬಂದು ಸೇರುತ್ತಲೇ ಇರುತ್ತವೆ. ಹೋದ ವರ್ಷ ನಿನ್ನ ಜೀನಿಗೆ ಅತಿ ಹತ್ತಿರದ್ದಾಗಿ ಬಿಳಿಜೋಳದ ಪ್ರೋಟೀನ್ ಬಂದಿದ್ದರೆ, ಈ ವರ್ಷ ಹೊಸದಾಗಿ ಸೇರಿದ ಕಬ್ಬಿನದೇ ಒಂದು ಬರಬಹುದು. ಅದರ ಮುಂದೆ 'ಕಾರ್ಯ ಗೊತ್ತಿಲ್ಲ' ಎಂದಷ್ಟೇ ಬರೆದಿರಬಹುದು. ಸಾಲದ್ದಕ್ಕೆ, ಹೋಲಿಕೆ ಬರೀ ಆಕಸ್ಮಿಕವೇ ಎಂದು ಅಳೆಯುವ ಇ-ವ್ಯಾಲ್ಯೂ ಭಂಡಾರದ ಗಾತ್ರವನ್ನು ಅವಲಂಬಿಸಿದ್ದು. ಭಂಡಾರ ದೊಡ್ಡದಾದಂತೆ ಅದೇ ಹೋಲಿಕೆಗೆ ಇ-ವ್ಯಾಲ್ಯೂ ಏರುತ್ತದೆ, ನೀನು ಹಾಕಿದ ಗೆರೆಯ ಅಂಚಿನಲ್ಲಿದ್ದ ಜೀನ್ ಸದ್ದಿಲ್ಲದೆ ಆಚೆ ಜಾರುತ್ತದೆ. ಎರರ್ ಬರುವುದಿಲ್ಲ, ಕೆಂಪಕ್ಷರ ಕಾಣುವುದಿಲ್ಲ, ಟೇಬಲ್ಲಿನಲ್ಲಿ ಎರಡು ಸಾಲು ಕಡಿಮೆ, ಅಷ್ಟೇ. ಬಾಯಿ ಬಿಟ್ಟು ಬೀಳುವ ವರ್ಕ್‌ಫ್ಲೋಗಿಂತ ಸುಮ್ಮನೆ ತಪ್ಪು ಉತ್ತರ ಕೊಡುವ ವರ್ಕ್‌ಫ್ಲೋ ಅಪಾಯದ್ದು.

ನನ್ನ ಸಲಹೆ ಇದು. ಬ್ಲಾಸ್ಟ್ ಹಂತವನ್ನು ಹೊರಗಿನ ಸರ್ವರ್‌ನಿಂದ ಬಿಡಿಸಿಕೋ. ಯುನಿಪ್ರೋಟ್‌ನ ಸ್ವಿಸ್-ಪ್ರಾಟ್ ಭಾಗದಲ್ಲಿ, ಮನುಷ್ಯರು ಕೂತು ಪರಿಶೀಲಿಸಿದ ಐದೂವರೆ ಲಕ್ಷಕ್ಕೂ ಹೆಚ್ಚು ಪ್ರೋಟೀನ್‌ಗಳಿವೆ. ಕಂಪ್ರೆಸ್ ಮಾಡಿದ ಫೈಲ್ ನೂರು ಎಂಬಿ ಆಸುಪಾಸು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಇಳಿಯುತ್ತದೆ. ಅದಕ್ಕೆ ಜೋಳದ ಪ್ರೋಟೀನ್ ಪಟ್ಟಿ ಸೇರಿಸು. ಡೈಮಂಡ್ ಎಂಬ ಪ್ರೋಗ್ರಾಂ ನಿನ್ನ ಲ್ಯಾಪ್‌ಟಾಪಿನಲ್ಲೇ ಅವುಗಳ ಮೇಲೆ ಹುಡುಕಾಟ ಮಾಡುತ್ತದೆ, ಬ್ಲಾಸ್ಟ್‌ಗಿಂತ ಬಹಳ ವೇಗವಾಗಿ. ಯಾವ ಬಿಡುಗಡೆಯ ಸ್ವಿಸ್-ಪ್ರಾಟ್ ಎಂದು ಸಂಖ್ಯೆ ಬರೆದಿಡು. ಆ ಫೈಲ್ ನಿನ್ನ ಬಳಿ ಇರುವವರೆಗೆ ಉತ್ತರ ಬದಲಾಗುವುದಿಲ್ಲ. ಇಂಟರ್‌ಪ್ರೋ ಮತ್ತು ಕೆಗ್ ಹೊರಗೇ ಇರಲಿ, ಆದರೆ ಬಂದ ಪ್ರತಿ ಉತ್ತರವನ್ನೂ ತಾರೀಖಿನ ಸಮೇತ ಫೈಲ್ ಮಾಡಿಕೊಂಡು ಮುಂದೆ ಹೋಗುವಂತೆ ಬರೆ. ಇಬಿಐ ನಿನ್ನ ಫಲಿತಾಂಶವನ್ನು ಇಟ್ಟುಕೊಳ್ಳುವುದು ಏಳೇ ದಿನ. ಹೀಗೆ ಉಳಿಸಿಕೊಂಡರೆ ಇನ್ನೂರನೇ ಜೀನಿಗೆ ನಿಂತಾಗ ಒಂದರಿಂದ ಶುರು ಮಾಡುವ ಗೋಳೂ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಲೆಕ್ಕ, ಅಂದರೆ ಆರ್‌ಎನ್‌ಎ ಓದುಗಳನ್ನು (ಯಂತ್ರ ಓದಿಕೊಟ್ಟ ತುಣುಕುಗಳನ್ನು) ಜೀನೋಮಿನ ಮೇಲೆ ಕೂರಿಸುವ ಹಂತ, ಮನೆಯಲ್ಲಿ ಮಾಡಬೇಡ. ಅದಕ್ಕೆ ಗ್ಯಾಲಕ್ಸಿ ಇದೆ. 2005ರಲ್ಲಿ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಹುಟ್ಟಿದ್ದು, ಈಗ ಜರ್ಮನಿಯ ಫ್ರೈಬರ್ಗ್, ಆಸ್ಟ್ರೇಲಿಯಾ ಮುಂತಾದ ಕಡೆಗಳಲ್ಲಿ ಅದರ ಉಚಿತ ಸರ್ವರ್‌ಗಳಿವೆ. ಹೆಸರು ನೋಂದಾಯಿಸಿದರೆ ಯುರೋಪಿನ ಸರ್ವರ್ 250 ಜಿಬಿ ಜಾಗ ಕೊಡುತ್ತದೆ. ಸಮೀರವಾಡಿಯಲ್ಲಿ ಕೂತವಳಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ. ಸಾರ್ವಜನಿಕ ಡೇಟಾದ ಎಸ್‌ಆರ್‌ಆರ್ ಸಂಖ್ಯೆ ಕೊಟ್ಟರೆ ಸರ್ವರ್ ಆ ಜಿಬಿಗಟ್ಟಲೆ ಫೈಲನ್ನು ಇನ್ನೊಂದು ಸರ್ವರ್‌ನಿಂದ ತಾನೇ ಎಳೆದುಕೊಳ್ಳುತ್ತದೆ. ನಿನ್ನ ಮನೆಯ ಲೈನಿನಲ್ಲಿ ಓಡಾಡುವುದು ನಿನ್ನ ಕ್ಲಿಕ್ ಮಾತ್ರ. ಕರೆಂಟ್ ಹೋಗಲಿ, ಲ್ಯಾಪ್‌ಟಾಪ್ ಮುಚ್ಚು, ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ಮಾಡಿದ ಪ್ರತಿ ಹೆಜ್ಜೆಯೂ, ಬಳಸಿದ ಟೂಲಿನ ಆವೃತ್ತಿಯೂ ಹಿಸ್ಟರಿಯಲ್ಲಿ ದಾಖಲಾಗುತ್ತದೆ. ಆ ಹಿಸ್ಟರಿಯಿಂದಲೇ ವರ್ಕ್‌ಫ್ಲೋ ತೆಗೆದು ಒಂದು ಲಿಂಕಿನಲ್ಲಿ ಕೊಡಬಹುದು. ನಿನ್ನ ಸೀನಿಯರ್ ಅಣ್ಣನಿಗೆ ಪೈಥಾನ್ ಬಾರದಿದ್ದರೂ ನಡೆಯುತ್ತದೆ.

ಈಗ ಕಬ್ಬಿಗೆ ಬರುತ್ತೇನೆ. ನೀನು ನಿಜವಾಗಿ ಬಚ್ಚಿಡಬೇಕೆನ್ನುವ ಸಂಪತ್ತು ಕೋಡಿನಲ್ಲಿ ಎಲ್ಲಿದೆ ಎಂದು ನಿನಗೇ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ.

ಕಬ್ಬಿನಷ್ಟು ತಲೆ ತಿನ್ನುವ ಜೀನೋಮ್ ನಮ್ಮ ಹೊಲಗಳಲ್ಲಿ ಇನ್ನೊಂದಿಲ್ಲ. ಅದಕ್ಕೆ ಕೊಯಮತ್ತೂರೂ ಒಂದು ಕಾರಣ. ಅಲ್ಲಿ 1912ರಲ್ಲಿ ಶುರುವಾದ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಸಾಗುವಳಿಯ ಸಿಹಿ ಕಬ್ಬನ್ನು ಕಾಡು ಜಾತಿಯ ಸ್ಪಾಂಟೇನಿಯಮ್ ಜೊತೆ ಕೂಡಿಸಿ, 1918ರಲ್ಲಿ ಸಿಒ 205 ತಳಿಯನ್ನು ರೈತರಿಗೆ ಕೊಟ್ಟರು. ಇವತ್ತಿನ ಕಬ್ಬುಗಳೆಲ್ಲ ಇಂಥ ಬೆರಕೆಯ ಮಕ್ಕಳು, ನಿಮ್ಮ ಹೊಲದಲ್ಲಿ ಬಹುಶಃ ನಿಂತಿರುವ ಸಿಒ 86032 ಕೂಡ. ಜೋಳಕ್ಕೆ 20 ಕ್ರೋಮೋಸೋಮ್. ರಿಯೂನಿಯನ್ ದ್ವೀಪದ ಆರ್570 ಎಂಬ ಕಬ್ಬಿಗೆ 114. ಒಂದೇ ಜೀನ್ ಎಂಟು, ಹತ್ತು, ಹನ್ನೆರಡು ಪ್ರತಿಗಳಲ್ಲಿ ಕೂತಿರುತ್ತದೆ, ಒಂದೊಂದರಲ್ಲೂ ಅಷ್ಟಿಷ್ಟು ವ್ಯತ್ಯಾಸ. ಅದಕ್ಕೇ ಬಹಳ ವರ್ಷ ಕಬ್ಬಿನ ಜೀನೋಮ್ ಯಾರ ಕೈಗೂ ಹತ್ತಲಿಲ್ಲ. 2009ರಲ್ಲಿ ಬಂದ ಜೋಳದ ಜೀನೋಮಿಗೆ ಹೋಲಿಸಿಯೇ ಕಬ್ಬಿನ ಸಂಸಾರ ನಡೆಯಿತು. 2018ರಲ್ಲಿ ಕಾಡು ಸ್ಪಾಂಟೇನಿಯಮ್‌ನ ಜೀನೋಮೂ, ಆರ್570ರ ಒಂದೇ ಪದರದ ಜೋಡಣೆಯೂ ಬಂದವು. ಆರ್570ರ ಎಲ್ಲ ಪ್ರತಿಗಳನ್ನೂ ಬಹುಮಟ್ಟಿಗೆ ಬಿಡಿಸಿದ ಜೀನೋಮ್ ಬಂದದ್ದು 2024ರಲ್ಲಿ.

ಕಬ್ಬಿನ ಈ ಮೂರು ಜೀನೋಮ್‌ಗಳಲ್ಲಿ ಯಾವುದನ್ನು ಆಧಾರವಾಗಿಟ್ಟುಕೊಂಡೆ? ಒಂದೇ ಪದರದ್ದಾದರೆ ಹನ್ನೆರಡು ಪ್ರತಿಗಳ ಓದುಗಳೆಲ್ಲ ಒಂದರ ಮೇಲೇ ಬಂದು ಬಿದ್ದು, ಯಾವ ಪ್ರತಿ ಸವಳಿಗೆ ಸ್ಪಂದಿಸಿತು ಎಂಬುದು ಮುಚ್ಚಿಹೋಗುತ್ತದೆ. ಎಲ್ಲ ಪ್ರತಿಗಳಿರುವುದನ್ನು ಇಟ್ಟುಕೊಂಡರೆ ಒಂದೇ ಓದು ನಾಲ್ಕು ಕಡೆ ಕೂರುತ್ತೇನೆ ಎನ್ನುತ್ತದೆ. ಆಗ ಅದನ್ನು ಎಸೆದೆಯೋ, ಹಂಚಿದೆಯೋ? ಮುಂದೆ ಪಾಥ್‌ವೇ ಲೆಕ್ಕ ಹಾಕುವಾಗ, ಒಂದೇ ಜೀನಿನ ಹತ್ತು ಪ್ರತಿಗಳನ್ನು ಹತ್ತು ಎಂದು ಎಣಿಸಿದೆಯೋ ಒಂದು ಎಂದೋ? ಹತ್ತು ಎಂದು ಎಣಿಸಿದ್ದರೆ, ಹೆಚ್ಚು ಪ್ರತಿಗಳಿರುವ ಪಾಥ್‌ವೇ ಸವಳಿಗೆ ಸಂಬಂಧವಿರಲಿ ಬಿಡಲಿ, ಪಟ್ಟಿಯ ತುದಿಗೆ ಏರಿ ಕೂರುತ್ತದೆ.

ಈ ಪ್ರಶ್ನೆಗಳಿಗೆಲ್ಲ ನೀನು ಎಂದೋ ಉತ್ತರ ಕೊಟ್ಟಿದ್ದೀಯ, ಇಲ್ಲದಿದ್ದರೆ ಟೇಬಲ್ ಬರುತ್ತಿರಲಿಲ್ಲ. ಆ ಉತ್ತರ ಕೋಡಿನ ಯಾವುದೋ ಮೂಲೆಯಲ್ಲಿ, ಒಂದು ಕಾಮೆಂಟೂ ಇಲ್ಲದ ಸಾಲಿನಲ್ಲಿ ಅಡಗಿ ಕೂತಿರುತ್ತದೆ. ಎರಡು ವರ್ಷ ಬಿಟ್ಟು ಥೀಸಿಸ್ ಪರೀಕ್ಷಕರು 'ಯಾಕೆ ಹೀಗೆ ಮಾಡಿದಿರಿ' ಎಂದರೆ ನಿನಗೇ ನೆನಪಿರುವುದಿಲ್ಲ. ನಿನ್ನ ಬುದ್ಧಿ ಖರ್ಚಾದದ್ದು ಅಲ್ಲಿ. ಸೇವೆಗಳನ್ನು ಜೋಡಿಸುವುದು ಇನ್ನೊಬ್ಬರಿಗೂ ಆಗುತ್ತದೆ. ಸವಳು ನೆಲವನ್ನೂ ಕಬ್ಬನ್ನೂ ಕಂಡವಳು ಮಾಡಿದ ಆಯ್ಕೆಗಳು ಸುಲಭಕ್ಕೆ ಸಿಗುವಂಥವಲ್ಲ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಎರಡು ಪುಟದಲ್ಲಿ ಅವನ್ನು ಬರೆ: ಯಾವ ಜೀನೋಮ್, ಯಾವ ಆವೃತ್ತಿ, ಯಾವ ಗೆರೆ, ಯಾಕೆ. ಈ ಎರಡು ಪುಟ ಇಲ್ಲದ ಕೋಡನ್ನು ಯಾರಿಗೂ ಕೊಡಬೇಡ ಎನ್ನುತ್ತೇನೆ. ಅದು ಇದ್ದ ಮೇಲೆ ಕೋಡು ಸುಂದರವಾಗಿಲ್ಲ ಎಂದು ನಗುವವರು ನಗಲಿ, ಅದು ಅವರ ಬಿಡುವಿನ ವಿಷಯ.

ಕೊಡುವುದರಿಂದ ಏನು ಬರುತ್ತದೆ ಎಂಬುದಕ್ಕೆ ಮ್ಯಾಂಚೆಸ್ಟರಿನದೇ ಒಂದು ಉದಾಹರಣೆ ಇದೆ. ಆಫ್ರಿಕದಲ್ಲಿ ಟ್ಸೆಟ್ಸಿ ನೊಣದಿಂದ ದನಗಳಿಗೆ ಬರುವ ಟ್ರಿಪನೊಸೋಮ ರೋಗವಿದೆ. ಪಶ್ಚಿಮ ಆಫ್ರಿಕದ ಎನ್‌ಡಾಮಾ ತಳಿಯ ದನ ಅದನ್ನು ತಾಳಿಕೊಳ್ಳುತ್ತದೆ, ಪೂರ್ವದ ಬೋರಾನ್ ತಾಳುವುದಿಲ್ಲ. ಆ ತಾಳಿಕೆಯ ಹಿಂದಿನ ಜೀನ್ ಹುಡುಕಲು ಇಲಿಗಳ ಡೇಟಾ ಹಿಡಿದು ಪಾಲ್ ಫಿಷರ್ ಎಂಬ ಸಂಶೋಧಕ ಟಾವೆರ್ನಾದಲ್ಲಿ ವರ್ಕ್‌ಫ್ಲೋಗಳನ್ನು ಕಟ್ಟಿ, 2007ರಲ್ಲಿ ಪ್ರಕಟಿಸಿದ. ಆತ ಅವನ್ನು ಬಚ್ಚಿಡಲಿಲ್ಲ. ಅದೇ ಊರಿನಲ್ಲಿ ಇನ್ನೊಬ್ಬ ಸಂಶೋಧಕಿ, ಇಲಿಯ ಕರುಳಿನ ಚಾಟಿಹುಳುವಿನ ಮೇಲೆ ಕೆಲಸ ಮಾಡುತ್ತಿದ್ದವರು, ಎರಡು ವರ್ಷ ಕೈಯಾರೆ ಹುಡುಕಿಯೂ ಹುಳುವನ್ನು ಹೊರಹಾಕುವಲ್ಲಿ ಗಂಡಿಲಿ ಹೆಣ್ಣಿಲಿಗಳಿಗೆ ಯಾಕೆ ವ್ಯತ್ಯಾಸ ಎಂದು ತಿಳಿಯದೆ ನಿಂತಿದ್ದರು. ಫಿಷರ್‌ನ ವರ್ಕ್‌ಫ್ಲೋವನ್ನು ಇದ್ದ ಹಾಗೆಯೇ ತೆಗೆದುಕೊಂಡು ತಮ್ಮ ಡೇಟಾ ಅದಕ್ಕೆ ಹಾಕಿದರು, ಸಂಬಂಧಪಟ್ಟ ಪಾಥ್‌ವೇಗಳು ಸಿಕ್ಕವು. ದನದ ರೋಗಕ್ಕೆ ಕಟ್ಟಿದ್ದು ಹುಳುವಿಗೆ ಬಂತು. ಇವತ್ತಿಗೂ ಈ ಕಥೆ ಹೇಳುವವರು ಮೊದಲು ಹೇಳುವುದು ಫಿಷರ್‌ನ ಹೆಸರನ್ನೇ. ಬಚ್ಚಿಟ್ಟಿದ್ದರೆ ಆತನ ವರ್ಕ್‌ಫ್ಲೋ ಆತನ ಹಾರ್ಡ್‌ಡಿಸ್ಕಿನಲ್ಲೇ ಸಾಯುತ್ತಿತ್ತು, ಟಾವೆರ್ನಾ ಸತ್ತ ಹಾಗೆ.

ನಿನ್ನ ಊರಿನವರಿಗೆ ಇದನ್ನು ನಾನು ವಿವರಿಸಬೇಕಾಗಿಯೇ ಇಲ್ಲ. ಬೀಜದ ಕಬ್ಬು ಕೊಟ್ಟ ರೈತನ ಹೊಲದಿಂದ ಆ ತಳಿ ಹೋಗಿಬಿಡುವುದಿಲ್ಲ. ಆದರೆ ಕೊಡುವವನು ಎಂಟು ಹತ್ತು ತಿಂಗಳ ಎಳೆ ಕಬ್ಬನ್ನೇ ಕೊಡಬೇಕು, ಕಾಡಿಗೆ ರೋಗ ಹತ್ತಿದ್ದನ್ನು ಕೊಟ್ಟರೆ ತಗೊಂಡವನ ಹೊಲಕ್ಕೂ ರೋಗ ಕೊಟ್ಟಂತೆ. ನಿನ್ನ ಕೋಡನ್ನು ಈಗಲೇ ಬೇಡ ಎಂದದ್ದು ಇದಕ್ಕೇ. ಕೆ. ಜೆ. ಸೋಮಯ್ಯ ಆನ್ವಯಿಕ ಕೃಷಿ ಸಂಶೋಧನಾ ಸಂಸ್ಥೆ ಇರುವ ಊರಿನವಳು ನೀನು, ಒಳ್ಳೆಯ ಬೀಜ ಎಂದರೆ ಏನೆಂದು ನಿನ್ನ ಅಪ್ಪನನ್ನು ಕೇಳಿದರೂ ಹೇಳಿಯಾರು.

ಹೆಸರಿನ ಪ್ರಶ್ನೆ ಮಾತ್ರ ಇಷ್ಟು ಸರಳವಲ್ಲ, ಅದನ್ನು ಉಪದೇಶದಲ್ಲಿ ತೇಲಿಸಿಬಿಡಲು ನನಗೆ ಇಷ್ಟವಿಲ್ಲ. ಹಿಂದಿನ ಹುಡುಗಿಗೆ ಆದದ್ದು ಅನ್ಯಾಯ. ನಿನ್ನ ಅಂಜಿಕೆ ಕಲ್ಪನೆಯಲ್ಲ. 'ವಿಜ್ಞಾನ ಎಲ್ಲರದು' ಎಂದು ಹೇಳುವ ಹಿರಿಯರು ಪೇಪರಿನಲ್ಲಿ ತಮ್ಮ ಹೆಸರಿನ ಸ್ಥಾನದ ಬಗ್ಗೆ ಅಷ್ಟು ಉದಾರವಾಗಿರುವುದು ಕಡಿಮೆ, ಇದನ್ನು ಎಲ್ಲ ಕಡೆ ನೋಡುತ್ತೇವೆ. ಆದರೆ ಒಂದು ಗಮನಿಸು: ಆ ಹುಡುಗಿಯ ಪ್ರೋಗ್ರಾಂ ಕೈಯಿಂದ ಕೈಗೆ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹೋಗಿರಬೇಕು. ಯಾವಾಗ ಬರೆದಳು, ಯಾರು ಬರೆದರು ಎಂಬುದಕ್ಕೆ ಎಲ್ಲೂ ದಾಖಲೆ ಇರಲಿಲ್ಲವೇನೋ. ಹೆಸರು ಅಳಿಯುವುದು ಇಂಥ ಗುಟ್ಟಿನ ಹಂಚಿಕೆಯಲ್ಲಿ. ಬಹಿರಂಗವಾಗಿ ಕೊಟ್ಟದ್ದರ ಮೇಲೆ ತಾರೀಖು ಇರುತ್ತದೆ, ಹೆಸರು ಇರುತ್ತದೆ.

ಆದ್ದರಿಂದ ಅಣ್ಣನಿಗೆ ವಾಟ್ಸಾಪಿನಲ್ಲಿ ಫೈಲ್ ಕಳಿಸಬೇಡ. ಮೊದಲು ವರ್ಕ್‌ಫ್ಲೋಹಬ್‌ನಲ್ಲಿ ಇಡು. 2020ರಲ್ಲಿ ಶುರುವಾದ ಈ ತಾಣ ಮೈಎಕ್ಸ್‌ಪೆರಿಮೆಂಟ್‌ನ ತಂಗಿಯಂಥದ್ದು, ಅದರ ಹಿಂದೆಯೂ ಗೋಬಲ್ ಅವರ ತಂಡವಿದೆ. ಗ್ಯಾಲಕ್ಸಿಯಲ್ಲಿ ಕಟ್ಟಿದ್ದನ್ನೂ ಸ್ನೇಕ್‌ಮೇಕ್, ನೆಕ್ಸ್ಟ್‌ಫ್ಲೋಗಳಲ್ಲಿ ಬರೆದದ್ದನ್ನೂ ತೆಗೆದುಕೊಳ್ಳುತ್ತದೆ. ಬರೀ ಪೈಥಾನ್ ಸ್ಕ್ರಿಪ್ಟ್ ಆದರೆ ಯುರೋಪಿನ ಸರ್ನ್ ನಡೆಸುವ ಝೆನೊಡೊ ಸಾಕು. ಎರಡೂ ಡಿಒಐ ಕೊಡುತ್ತವೆ, ಪೇಪರಿಗೆ ಇರುವಂಥದ್ದೇ ಶಾಶ್ವತ ಗುರುತು. ನಿನ್ನ ಆರ್ಕಿಡ್ (ORCID) ಸಂಖ್ಯೆ, ಅಂದರೆ ಸಂಶೋಧಕಿಯಾಗಿ ನಿನ್ನ ಗುರುತಿನ ಸಂಖ್ಯೆ, ಅದಕ್ಕೆ ಸೇರಿಸು. ಎಂಐಟಿ ಅಥವಾ ಅಪಾಚೆ ಲೈಸೆನ್ಸ್ ಹಾಕು. ಬಳಸಿಕೊಳ್ಳಿ, ಆದರೆ ಬರೆದವರ ಹೆಸರಿನ ಸಾಲನ್ನು ತೆಗೆಯಬೇಡಿ ಎಂದು ಆ ಲೈಸೆನ್ಸ್ ಹೇಳುತ್ತದೆ. ಲೈಸೆನ್ಸ್ ಇಲ್ಲದ ಕೋಡು ಕೊಟ್ಟೂ ಕೊಡದಂತೆ, ಪ್ರಾಮಾಣಿಕರು ಮುಟ್ಟಲು ಹಿಂಜರಿಯುತ್ತಾರೆ, ಉಳಿದವರು ಹೇಗೂ ಮುಟ್ಟುತ್ತಾರೆ.

ಎಲ್ಲಕ್ಕಿಂತ ಮೊದಲು ಗೈಡ್ ಜೊತೆ ಒಂದು ಮಾತು. ಅಳುಕದೆ, ಸಿಟ್ಟಿಲ್ಲದೆ, ಹೀಗೆ: 'ಸರ್, ವರ್ಕ್‌ಫ್ಲೋ ಸ್ವಚ್ಛ ಮಾಡಿ ಡಿಒಐ ಜೊತಿಗೆ ಲ್ಯಾಬಿಗೆ ಕೊಡ್ತೀನ್ರಿ. ಅದನ್ನ ಬಳಸಿದ ಪೇಪರಿನ್ಯಾಗ ಆ ಡಿಒಐ ಹಾಕಬೇಕು ಅಂತ ಲ್ಯಾಬ್ ಮೀಟಿಂಗಿನ್ಯಾಗ ಎಲ್ಲಾರಿಗೂ ಒಂದು ಮಾತು ಹೇಳ್ರಿ. ನನ್ನ ಸವಳಿನ ಡೇಟಾ ಮಾತ್ರ ನನ್ನ ಪೇಪರ್ ಬರೋತನಕ ನನ್ನ ಹತ್ರ ಇರಲ್ರಿ.' ಹಿಂದಿನ ಹುಡುಗಿಯ ಸುದ್ದಿ ಎತ್ತಬೇಡ, ಅವರಿಗೇ ನೆನಪಾದರೆ ಒಳ್ಳೆಯದು. ಅವರು ಹೂಂ ಎಂದ ದಿನವೇ ಸಂಜೆ 'ಇವತ್ತು ಮಾತಾಡಿದಂತೆ' ಎಂದು ನಾಲ್ಕು ಸಾಲಿನ ಇಮೇಲ್ ಹಾಕು. ಇದನ್ನು ಅಪನಂಬಿಕೆ ಎಂದು ಯಾರೂ ತಿಳಿಯುವುದಿಲ್ಲ. ತಿಳಿದರೆ, ಆ ಇಮೇಲ್ ಬೇಕೇ ಇತ್ತು ಎಂದು ಅರ್ಥ.

ಡೇಟಾ ಬೇರೆ, ವಿಧಾನ ಬೇರೆ, ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೋ. ವಿಧಾನ ಕೊಟ್ಟರೆ ನಿನ್ನ ಸಂಶೋಧನೆ ಯಾರೂ ಒಯ್ಯಲಾರರು. ಡೇಟಾ ಮೊದಲೇ ಕೊಟ್ಟರೆ ಒಯ್ಯಬಲ್ಲರು. ಹಾಗೆಂದು ಡೇಟಾವನ್ನೂ ಕೊನೆಯವರೆಗೆ ಕಟ್ಟಿಕೊಂಡು ಕೂರುವ ಹಾಗಿಲ್ಲ. ಸರ್ಕಾರದ ಹಣದಲ್ಲಿ ತಯಾರಾದ ಜೈವಿಕ ದತ್ತಾಂಶ ಹಂಚಿಕೆಯಾಗಬೇಕೆಂದು ಜೈವಿಕ ತಂತ್ರಜ್ಞಾನ ಇಲಾಖೆ 2021ರಲ್ಲಿ ಬಯೋಟೆಕ್-ಪ್ರೈಡ್ ಮಾರ್ಗಸೂಚಿ ತಂದಿದೆ. ಅದಕ್ಕೆಂದೇ 2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ತೆರೆಯಿತು. ಪೇಪರ್ ಬರುವ ಹೊತ್ತಿಗೆ ಡೇಟಾ ಇಂಥ ಒಂದು ಭಂಡಾರ ಸೇರಿರಬೇಕು.

ಇನ್ನು ಸಹ-ಲೇಖಕಿಯಾಗುವ ವಿಷಯ. ನಿನ್ನ ವರ್ಕ್‌ಫ್ಲೋವನ್ನು ಅಣ್ಣ ತಾನೇ ಓಡಿಸಿಕೊಂಡರೆ ಉಲ್ಲೇಖ ಸಾಕು, ಹೆಸರಿಗಾಗಿ ಹಟ ಹಿಡಿಯಬೇಡ. ಆದರೆ ಅವರ ಡೇಟಾಕ್ಕೆ ಅದನ್ನು ಬದಲಿಸಿ ಕೊಡು, ಫಲಿತಾಂಶದ ಅರ್ಥ ಹೇಳು ಎಂದು ನಿನ್ನ ರಾತ್ರಿಗಳನ್ನು ಕೇಳಿದರೆ ಅದು ಲೇಖಕಿಯ ಕೆಲಸ. ಕೆಲಸ ಶುರು ಮಾಡುವ ಮುಂಚೆಯೇ 'ಅಣ್ಣಾ, ಇದಕ್ಕ ನನ್ನ ಹೆಸರು ಸೇರಸ್ತೀರಲಾ?' ಎಂದು ಕೇಳಿಬಿಡು. ಮುಗಿದ ಮೇಲೆ ಕೇಳುವುದು ಬಹಳ ಕಷ್ಟ.

ಕಾಕಾನ ಮಗನ ಮಾತಿಗೆ ಹೆಚ್ಚು ಹೊತ್ತು ಬೇಡ. ನಿನ್ನ ಫೆಲೋಶಿಪ್ಪಿನ ಕೆಲಸದ ಮೇಲೆ ವಿಶ್ವವಿದ್ಯಾಲಯಕ್ಕೂ ಹಕ್ಕಿರಬಹುದು, ಮಾರುವ ಮಾತಾಡುವ ಮೊದಲು ಆ ನಿಯಮ ಓದಬೇಕು. ಕೆಗ್‌ನ ಎಪಿಐ ಶೈಕ್ಷಣಿಕ ಬಳಕೆಗೆ ಮಾತ್ರ ಪುಕ್ಕಟೆ, ಅದನ್ನು ನಂಬಿದ ಸರಕನ್ನು ಮಾರಬೇಕಾದರೆ ಅವರ ವಾಣಿಜ್ಯ ಲೈಸೆನ್ಸ್ ಬೇಕು. ಮೂರನೆಯದಾಗಿ, ದುಡ್ಡು ಕೊಟ್ಟವನು ಸರ್ವರ್ ಕೆಟ್ಟಾಗಲೆಲ್ಲ ನಿನಗೇ ಫೋನ್ ಮಾಡುತ್ತಾನೆ. ಥೀಸಿಸ್ ಬರೆಯುವ ವರ್ಷದಲ್ಲಿ ಅದು ಬೇಕೇ? ಆದರೂ ಆ ಹುಡುಗ ಉಪಯೋಗಕ್ಕೆ ಬರುತ್ತಾನೆ. ಸಾಫ್ಟ್‌ವೇರಿನವನಲ್ಲವೇ, ಕೋಡ್ ಒಮ್ಮೆ ಓದಿಸು. ಜೀವಶಾಸ್ತ್ರ ಗೊತ್ತಿಲ್ಲದವನಿಗೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ನಿನ್ನ ವಿವರಣೆ ಸಾಲದು ಎಂದು ತಿಳಿ.

ಆಮೇಲೆ ಹತ್ತೇ ಜೀನ್‌ಗಳ ಒಂದು ಚಿಕ್ಕ ಪಟ್ಟಿ ಮಾಡು, ಸಾರ್ವಜನಿಕ ಡೇಟಾದಿಂದ ಆರಿಸಿದ್ದು, ನಿನ್ನ ಸವಳಿನದಲ್ಲ. ಅದರ ಸರಿಯಾದ ಉತ್ತರದ ಟೇಬಲ್ಲನ್ನೂ ಜೊತೆಗಿಡು. ಲ್ಯಾಬಿನ ಜೂನಿಯರ್ ಒಬ್ಬಳಿಗೆ ಫೋನಿನಲ್ಲಿ ಏನೂ ಹೇಳಿಕೊಡದೆ, ನಿನ್ನ ಎರಡು ಪುಟ ಮತ್ತು ಈ ಪಟ್ಟಿ ಕೊಟ್ಟು ಅವಳ ಕಂಪ್ಯೂಟರಿನಲ್ಲಿ ಓಡಿಸಲು ಹೇಳು. ಅವಳಿಗೆ ಅದೇ ಹತ್ತು ಸಾಲು ಬಂದ ದಿನ ಡಿಒಐಗೆ ಹಾಕು, ಅಣ್ಣನಿಗೆ ಲಿಂಕ್ ಕಳಿಸು. ಹಾಕುವ ಮುಂಚೆ ಸ್ಕ್ರಿಪ್ಟಿನೊಳಗೆ ನಿನ್ನ ಎನ್‌ಸಿಬಿಐ ಕೀ ಉಳಿದಿದೆಯೇ ನೋಡಿ ತೆಗೆ. ಬಹಳ ಜನ ಅದನ್ನು ಹಾಗೇ ಬಿಟ್ಟು ಪಬ್ಲಿಕ್ ಮಾಡಿಬಿಡುತ್ತಾರೆ, ಆಮೇಲೆ ಊರವರ ಪ್ರಶ್ನೆಗಳೆಲ್ಲ ಅವರ ಲೆಕ್ಕಕ್ಕೆ ಸೇರಿ ಅವರ ಕೀಗೆ ತಡೆ ಬೀಳಬಹುದು.

— ನಿನ್ನ ಅಕ್ಕ